ಕೈ ತೊಳೆಯುವ ಮೊದಲು

ಮೊಣಕಾಲಿನ ಕೀಲು ಸವೆದಿದೆ, ಇನ್ನು ತಲೆಯ ಮೇಲೆ ಬುಟ್ಟಿ ಹೊರಬಾರದು ಎಂದು ಡಾಕ್ಟರು ಹೇಳಿದ ದಿನ ಚಂಪಾ ಮಧ್ಯಾಹ್ನದ ಊಟ ಬಿಟ್ಟಳು. ಕಾರವಾರ ಬಂದರಿನ ಪಕ್ಕದ ಬೈತಖೋಲದ ಆ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಜ್ವರ ಬಂದು ಮಲಗಿದಾಗಲೂ ಎದ್ದು ಕೂತು ಬಂಗಡೆ ಸಾರಿನಲ್ಲಿ ಅನ್ನ ಕಲಸಿ ಉಂಡ ಹೆಂಗಸು ಅವಳು.

"ನೋವು ಕಾಲಿಗೆ. ಹೊಟ್ಟೆ ಎಂತಾ ತಪ್ಪು ಮಾಡ್ತು?" ಎಂದು ಗಂಡ ದತ್ತಾ ಕೇಳಿದ. ಅವನು ಮೀನಿನ ಬೋಟಿನ ತಾಂಡೇಲ. ಚುಕ್ಕಾಣಿ ಹಿಡಿದು ಬೋಟನ್ನೂ ಅದರ ಆಳುಗಳನ್ನೂ ನಡೆಸುವವನು. ಮನೆಯಲ್ಲಿ ಮಾತ್ರ ಅವನ ಚುಕ್ಕಾಣಿಗೆ ಯಾರೂ ತಿರುಗುತ್ತಿರಲಿಲ್ಲ.

"ನನ್ನ ಮನೆಗಳು ಹೋಗ್ತವಲ್ಲ ಹೇಳಿ ನನಗೆ ಸಂಕಟ. ನಿಮಗೆ ಊಟದ್ದೇ ಧ್ಯಾನ."

ಮನೆಗಳು ಅಂದರೆ ಕಾರವಾರದ ಕೋಡಿಬಾಗ, ಕಾಜುಬಾಗಗಳಲ್ಲಿ ಅವಳು ದಿನಾ ಮೀನು ಕೊಡುವ ಗಿರಾಕಿ ಮನೆಗಳು. ಅವನ್ನು ಚಂಪಾಳಿಗೆ ಕೊಟ್ಟವಳು ಅವಳ ಅತ್ತೆ, ಆ ಅತ್ತೆಗೆ ಅವಳ ಅತ್ತೆ. ಗದ್ದೆ ತೋಟ ಇಲ್ಲದ ಈ ಕುಟುಂಬದ ಹೆಂಗಸರಿಗೆ ಆಸ್ತಿ ಎಂದರೆ ಅದೇ. ಒಬ್ಬಳ ಮನೆಯ ಗೇಟನ್ನು ಇನ್ನೊಬ್ಬಳು ಮುಟ್ಟುವ ಹಾಗಿಲ್ಲ. ಆದರೆ ವಾರಗಟ್ಟಲೆ ಮೀನಿನವಳು ಬಾರದಿದ್ದರೆ ಗಿರಾಕಿಯಾದರೂ ಎಷ್ಟು ದಿನ ತೊವ್ವೆ ಉಣ್ಣಬೇಕು? ಚಂಪಾಳ ಚಿಕ್ಕಮ್ಮನ ಮಗಳು ಗಂಗೂ ಆಗಲೇ ಕಾಜುಬಾಗದ ತಿರುವಿನಲ್ಲಿ ಬುಟ್ಟಿ ಇಳಿಸಿ ಕೂರಲು ಸುರು ಮಾಡಿದ್ದಳು.

"ಮನೆಗಳನ್ನ ನನಗೆ ಕೊಡಿ ಆಯಿ" ಎಂದಳು ಸೊಸೆ ಪ್ರೇಕ್ಷಾ. ಅಂಕೋಲೆಯ ಹುಡುಗಿ, ಬಿ.ಕಾಂ. ಓದಿದವಳು, ಕಾರವಾರದ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. "ಬುಟ್ಟಿ ಹೊರೂದು ಬೇಡ. ಫೋನಲ್ಲೇ ನಡೆಸ್ತೆ."

"ಫೋನಲ್ಲಿ ಮೀನಿನ ಕಿವಿರು ಎತ್ತಿ ತೋರ್ಸೂಕೆ ಬರ್ತದ್ಯಾ?"

"ಫೋಟೋ ತೋರಿಸ್ತೆ."

"ಫೋಟೋದಲ್ಲಿ ನಾನೂ ಚಂದ ಕಾಣ್ತೆ" ಎಂದಳು ಚಂಪಾ. ಆದರೂ ಸಂಜೆಯ ಹೊತ್ತಿಗೆ ಒಪ್ಪಿದಳು. ಬೇರೆ ದಾರಿ ಇರಲಿಲ್ಲ. "ಕೊಟ್ಟದ್ದಲ್ಲ, ನೋಡ್ಕಳೂಕೆ ಬಿಟ್ಟದ್ದು, ತಿಳೀತಾ? ಮನೆ ಕೈ ಬಿಟ್ಟು ಹೋಗ್ತವೆ ಹೇಳಿ ಕಂಡ್ರೆ ದಸರಾಕ್ಕೆ ಎಲ್ಲಾ ತೆಗೆದು ಗಂಗೂಗೆ ಕೊಡ್ತೆ."

ಪ್ರೇಕ್ಷಾ ಮರುದಿನವೇ ಮೊಬೈಲ್ ಅಂಗಡಿಯ ಕೆಲಸ ಬಿಟ್ಟಳು. ಹಾಗೆ ಬಿಟ್ಟವಳಿಗೆ ಹಿಂದೆ ಹೋಗುವ ಮುಖವಿರುವುದಿಲ್ಲ, ಅದು ಅವಳಿಗೂ ಗೊತ್ತಿತ್ತು.

ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ವಾಟ್ಸಾಪಿನಲ್ಲಿ 'ಚಂಪಾ ಫ್ರೆಶ್ ಫಿಶ್' ಎಂಬ ಹೆಸರು, ಬುಟ್ಟಿ ಹೊತ್ತ ಚಂಪಾಳ ಹಳೆಯ ಫೋಟೋ. ಕಾರವಾರದ ಮನೆಗಳಿಗೆ ಪ್ರೇಕ್ಷಾಳ ಗಂಡ ಆಶಿಷ ಸ್ಕೂಟರಿನಲ್ಲಿ ಮುಟ್ಟಿಸುವುದು. ಅಂಕೋಲೆಗೆ ಬೆಳಗಿನ ಟೆಂಪೋದಲ್ಲಿ ಐಸಿನ ಪೆಟ್ಟಿಗೆ ಕಳಿಸಿದರೆ ಪ್ರೇಕ್ಷಾಳ ತಮ್ಮ ರೋಹಿತ ಅಲ್ಲಿನ ಬಾಳೆಗುಳಿ ಕ್ರಾಸಿನಲ್ಲಿ ಇಳಿಸಿಕೊಂಡು ಬೈಕಿನಲ್ಲಿ ಹಂಚುವುದು. ಶ್ರಾವಣ ಹಿಡಿದು ಮೀನು ಬಿಡುವ ಮನೆಗಳು ಬಾಗಿಲು ಹಾಕಿಕೊಂಡಿದ್ದರೂ ಉಳಿದವರು ಉತ್ಸಾಹದಿಂದ ಸೇರಿದರು. ಹಿಂದಿನ ಸಂಜೆಯೇ ಪ್ರೇಕ್ಷಾ ಮೀನಿನ ಫೋಟೋಗಳನ್ನು ಸಾಲಾಗಿ ಹಾಕುತ್ತಿದ್ದಳು. ಜನ ತಮಗೆ ಬೇಕಾದದ್ದನ್ನು ಬುಕ್ ಮಾಡುತ್ತಿದ್ದರು. ಎಲ್ಲರಿಗೂ ಬೇಕಾದದ್ದು ದುಬಾರಿಯ ದೊಡ್ಡ ಮೀನು, ಪಾಪ್ಲೆಟ್ ಮತ್ತು ಇಸ್ವಾಣ.

ಬೆಳಿಗ್ಗೆ ದತ್ತಾನ ಬೋಟು ತರುತ್ತಿದ್ದದ್ದು ಬುಟ್ಟಿ ಬುಟ್ಟಿ ಅಗ್ಗದ ತಾರ್ಲೆ.

"ಸಮುದ್ರಕ್ಕೆ ನಿನ್ನ ಮೆಸೇಜು ಮುಟ್ಟಲಿಲ್ಲ ಕಾಣ್ತದೆ" ಎಂದು ದತ್ತಾ ಚಹಾ ಹೀರುತ್ತ ನಗಾಡುತ್ತಿದ್ದ.

"ಬಾಬಾ, ನಗೂಕೆ ಎಂತಾ ಅದೆ? ಜನ ಬುಕ್ ಮಾಡಿದಾರೆ" ಎನ್ನುತ್ತಿದ್ದಳು ಪ್ರೇಕ್ಷಾ.

"ಕಡಲಲ್ಲಿರೂ ಮೀನನ್ನ ಬುಕ್ ಮಾಡೂಕೆ ಅದೇನು ಬಸ್ಸಿನ ಸೀಟಾ?" ಎಂದು ಚಂಪಾ ಒಳಗಿನಿಂದ ಕೂಗುತ್ತಿದ್ದಳು.

ಕೊಟ್ಟ ಮಾತು ಉಳಿಸಲು ಆಶಿಷ ಬಂದರಿನ ಹರಾಜಿನಲ್ಲಿ ಬೇರೆಯವರ ಪಾಪ್ಲೆಟ್ ಕೊಳ್ಳತೊಡಗಿದ. ಅದು ಹಿಂದಿನ ದಿನದ ಮೀನು ಎಂದು ಅವನಿಗೆ ಗೊತ್ತಿತ್ತು, ಹೆಂಡತಿಗೆ ಹೇಳಲಿಲ್ಲ. ಮೀನು ಮೆತ್ತಗಿದೆ ಎಂದು ಅಂಕೋಲೆಯ ಗಿರಾಕಿಗಳು ರೋಹಿತನಿಗೆ ಗೊಣಗಿದರು. ಅವನು ಅಕ್ಕನಿಗೆ ಹೇಳಲಿಲ್ಲ. ಕೋಡಿಬಾಗದ ದೀಪಾ ಎಂಬ ಹಳೆಯ ಗಿರಾಕಿ ನೇರ ಚಂಪಾಳಿಗೇ ಫೋನ್ ಮಾಡಿ ದೂರಿದಳು. ಚಂಪಾ "ಹೌದಾ" ಎಂದು ಫೋನ್ ಇಟ್ಟು ಸೊಪ್ಪು ಬಿಡಿಸಲು ಕೂತಳು. ಹೀಗೆ ಒಂದೇ ಸೂರಿನ ಕೆಳಗೆ ಎಲ್ಲರಿಗೂ ಒಂದಿಷ್ಟು ಗೊತ್ತಿತ್ತು, ಎಲ್ಲರ ಬಾಯಿಗೂ ಬೀಗ. ಪಾಪ, ಪ್ರೇಕ್ಷಾ ಮಾತ್ರ ಗಿರಾಕಿಗಳು ಯಾಕೆ ಸುಮ್ಮನಾಗುತ್ತಿದ್ದಾರೆಂದು ತಿಳಿಯದೆ ಇನ್ನಷ್ಟು ಚಂದದ ಫೋಟೋ ಹಾಕುತ್ತ ಹೋದಳು.

ಚೌತಿ ಬಂತು. ಈ ಮನೆಯ ಗಣಪತಿ ಒಂದೂವರೆ ದಿವಸದ್ದು. ಪ್ರೇಕ್ಷಾಳ ತವರಿನಲ್ಲೂ ಹಾಗೇ. ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ಕರಾವಳಿಯ ಮನೆಗಳಲ್ಲಿ ಮೀನಿನ ಆಸೆ ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ. ಗಿರಾಕಿಗಳನ್ನು ಮತ್ತೆ ಒಲಿಸಿಕೊಳ್ಳಲು ಇದೇ ಸಮಯ ಎಂದುಕೊಂಡ ಪ್ರೇಕ್ಷಾ, ಕಾರವಾರದ ಹಳೆಯ ಮನೆಗಳಿಗೆಲ್ಲ ಕೇಳದೆಯೇ ಒಂದೊಂದು ಬಂಗಡೆ ಪ್ಯಾಕೇಟು ಕಾಣಿಕೆ ಕಳಿಸುವ ಉಪಾಯ ಮಾಡಿದಳು. ಜೊತೆಗೆ ರವೆ ಹಚ್ಚಿ ಹುರಿದ ಬಂಗಡೆಯ ಫೋಟೋ, "ಹಬ್ಬ ಮುಗಿಯಿತು, ಮೀನು ಬಂತು" ಎಂಬ ಸಂದೇಶ. ಮೀನು ಆ ಬೆಳಿಗ್ಗೆ ಬಂದದ್ದು, ಥಳಥಳ ಹೊಳೆಯುತ್ತಿತ್ತು. ಚಂಪಾ ಕೂತಲ್ಲೇ ಹೆಚ್ಚಿ ತೊಳೆದು ತುಂಬಿದಳು. ಪ್ಯಾಕೇಟಿನ ಚೀಟಿ ಇಂಗ್ಲಿಷಿನಲ್ಲಿತ್ತು. ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಯಾರ ಮನೆಗೆ ಎಂದು ಕೇಳಲು ಬಿಗುಮಾನ.

ಕಾಜುಬಾಗದ ನಂದಿನಿ ಅಕ್ಕೋರು ನಿವೃತ್ತ ಮಾಸ್ತರಿಣಿ. ಚಂಪಾಳ ಮನೆಗಳಲ್ಲೆಲ್ಲ ದೊಡ್ಡ ಮನೆ ಅದು. ಅಕ್ಕೋರು ಮೀನು ತೆಗೆದುಕೊಂಡರೆ ಆ ಇಡೀ ಓಣಿ ತೆಗೆದುಕೊಳ್ಳುತ್ತದೆ. ಅವರ ಗಣಪತಿ ಹನ್ನೊಂದು ದಿವಸದ್ದು. ಆಶಿಷ ಅಲ್ಲಿಗೆ ಹೋದಾಗ ಜಗಲಿಯಲ್ಲಿ ಬಣ್ಣದ ದೀಪದ ಸರ ಮಿನುಗುತ್ತಿತ್ತು. ಅವನು ಕಂಡ. ಕಂಡೂ ಫೋನಿನ ಪಟ್ಟಿಯಲ್ಲಿ ಹೆಸರಿದೆಯಲ್ಲ ಎಂದು ಪ್ಯಾಕೇಟನ್ನು ಗೇಟಿಗೆ ತೂಗುಹಾಕಿ ಮುಂದಿನ ಮನೆಗೆ ಹೋದ. ಅದನ್ನು ಬೆಕ್ಕು ಎಳೆದು ಹರಿದು, ಒಂದು ಬಂಗಡೆಯನ್ನು ಕಚ್ಚಿಕೊಂಡು ರಂಗೋಲಿಯ ಮೇಲಿಂದ ಹಾಯ್ದು ಮೆಟ್ಟಿಲು ಹತ್ತಿತು. ಒಳಗೆ ಮಡಗಾಂವದಿಂದ ಬಂದ ಬೀಗರ ಸಮೇತ ಆರತಿ ನಡೆದಿತ್ತು.

ಅಕ್ಕೋರು ಬೈಯಲಿಲ್ಲ. "ಇನ್ನು ಮುಂದೆ ನಮ್ಮ ಮನೆಗೆ ಏನೂ ಕಳಿಸಬೇಡಿ" ಎಂದು ಒಂದು ಸಾಲು ಬರೆದರು. ಮಧ್ಯಾಹ್ನದೊಳಗೆ ಓಣಿಯ ಉಳಿದವರೂ ಒಬ್ಬೊಬ್ಬರಾಗಿ ಬರೆದರು.

ಆ ದಿನದ ಊಟದಲ್ಲಿ ಯಾರ ಕೈಯೂ ಸರಿಯಾಗಿ ತುತ್ತಿಗೆ ಹೋಗಲಿಲ್ಲ, ಎಲ್ಲರ ಬೆರಳೂ ಇನ್ನೊಬ್ಬರ ಕಡೆಗೆ.

"ಅಕ್ಕೋರ ಮನೆ ಗಣಪತಿ ಹನ್ನೊಂದು ದಿವ್ಸ ಹೇಳಿ ಕಾರವಾರದ ನಾಯಿಗೂ ಗೊತ್ತು" ಎಂದಳು ಚಂಪಾ.

"ನಿಮಗೆ ಗೊತ್ತಿದ್ದದ್ದು ನನಗೆ ಯಾವಾಗ ಹೇಳಿದ್ರಿ ಆಯಿ?"

"ನೀ ಯಾವಾಗ ಕೇಳ್ದೆ?"

"ನೀವೇ ಅಲ್ವಾ ಪ್ಯಾಕೇಟು ತುಂಬಿದ್ದು?"

"ನನ್ನ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟು ನನ್ನನ್ನೇ ಕೇಳ್ತ್ಯಾ? ಆಶಿಷಾ, ನೀ ಕಣ್ಣು ಮುಚ್ಕಂಡು ಗಾಡಿ ಹೊಡಿತ್ಯಾ ರೇ?"

"ನನಗೆ ಪಟ್ಟಿ ಕೊಟ್ಟವಳು ಅವಳು. ನಾ ಹೇಳಿದಷ್ಟು ಮಾಡ್ದೆ" ಎಂದ ಆಶಿಷ.

"ಸಾಕು. ದಸರಾದವರೆಗೆ ಕಾಯೂದು ಎಂತಕ್ಕೆ? ನಾಳೆಯೇ ಗಂಗೂಗೆ ಹೇಳಿ ಕಳಿಸ್ತೆ" ಎಂದು ಚಂಪಾ ಎದ್ದು ಕೈ ತೊಳೆಯಲು ಹೊರಟಳು.

"ಏ ಚಂಪಾ, ಕೂತ್ಕೋ." ದತ್ತಾ ಧ್ವನಿ ಏರಿಸಿರಲಿಲ್ಲ. ಆದರೆ ಬೋಟಿನಲ್ಲಿ ಆಳುಗಳು ಕೇಳುವ ಧ್ವನಿ ಅದು; ಮನೆಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ. ಚಂಪಾ ಕೂತಳು.

"ನಮ್ಮ ಬೋಟಲ್ಲಿ ಒಂದು ಪದ್ಧತಿ ಅದೆ" ಎಂದ ಅವನು. "ಊಟ ಆದ್ಮೇಲೆ ಕೈ ತೊಳೂಕೆ ಮೊದ್ಲು ಒಬ್ಬೊಬ್ಬನೂ ತನ್ನ ತಪ್ಪು ಹೇಳ್ಬೇಕು. ತನ್ನದು ಮಾತ್ರ. ಮೊದ್ಲು ತಾಂಡೇಲ, ಕಡೆಗೆ ಅಡುಗೆಯವ. ಹೇಳಿದವನಿಗೆ ಬೈಯೂ ಹಾಂಗಿಲ್ಲ. ಕೈ ತೊಳೆದ ಮೇಲೆ ಆ ಮಾತು ಎತ್ತೂ ಹಾಂಗಿಲ್ಲ. ಹಂಗೆ ಮಾಡದ ಬೋಟು ದಿನಾ ಅದೇ ಬಂಡೆಗೆ ಬಲೆ ಸಿಕ್ಕಿಸಿ ಹರ್ಕಂಡು ಬರ್ತದೆ."

ಅನ್ನ ಬೆರಳುಗಳ ಮೇಲೆ ಒಣಗತೊಡಗಿತು.

"ನಂದೇ ಮೊದ್ಲು" ಎಂದ ದತ್ತಾ. "ಗಾಳಿ ತಿರುಗಿತ್ತು, ಪಾಪ್ಲೆಟ್ ಬರೂದಿಲ್ಲ ಹೇಳಿ ನನಗೆ ಸಂಜಿಗೇ ಗೊತ್ತಿರ್ತಿತ್ತು. ಪ್ರೇಕ್ಷಾ ಬುಕ್ಕಿಂಗ್ ತಗಣೂದು ನೋಡಿ ನಗಾಡ್ದೆ, ಹೇಳಲಿಲ್ಲ. ತಮಾಷೆ ಕಂಡಿತ್ತು ನನಗೆ. ತಪ್ಪು ನಂದು."

ಆಶಿಷ ತಲೆ ತಗ್ಗಿಸಿ ಹಳೆಯ ಪಾಪ್ಲೆಟ್ಟಿನ ಕಥೆ ಹೇಳಿದ, ದೀಪದ ಸರದ ಕಥೆಯನ್ನೂ ಹೇಳಿದ. ಅಂಕೋಲೆಯ ರೋಹಿತನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಅಕ್ಕಾ, ನೀ ಬೈತಿ ಹೇಳಿ ಹೆದ್ರಿ ಸುಮ್ನಿದ್ದೆ, ಇಲ್ಲಿ ಅರ್ಧ ಜನ ಸಿಟ್ಟಲ್ಲಿದ್ರು" ಎಂದು ಅವನೂ ಒಪ್ಪಿಕೊಂಡ. ಪ್ರೇಕ್ಷಾಳ ಸರದಿ ಬಂದಾಗ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಎಲ್ಲಾ ಮನೆ ಗಣಪತಿ ನಮ್ಮ ಮನೆ ಹಾಂಗೆ ಹೇಳಿ ತಿಳ್ಕಂಡೆ. ಕೇಳಲಿಲ್ಲ. ಕೇಳಿದ್ರೆ ಆಯಿ 'ಅಷ್ಟೂ ಗೊತ್ತಿಲ್ವಾ' ಹೇಳ್ತಾರೆ ಹೇಳಿ ನಾಚಿಕೆ."

ಚಂಪಾ ಮಾತ್ರ, "ನಂದೆಂತಾ ತಪ್ಪು? ಮೊಣಕಾಲು ನೋಯೂದೇ ತಪ್ಪಾ?" ಎಂದು ಎದ್ದು ಹೋದಳು. ಆದರೆ ಗಂಗೂಗೆ ಹೇಳಿ ಕಳಿಸಲಿಲ್ಲ.

ಮರುದಿನವೂ ಹಾಗೆ ಕೂತರು, ಅದರ ಮರುದಿನವೂ. ಚಂಪಾ ಬೇಗ ಬೇಗ ಉಂಡು ಎಲ್ಲರಿಗಿಂತ ಮೊದಲು ಬಚ್ಚಲಿಗೆ ಓಡುವುದನ್ನು ಕಲಿತಳು. ಆ ಕಾಲಿನಲ್ಲಿ ಅಷ್ಟು ವೇಗ ಎಲ್ಲಿಂದ ಬಂತೋ ಡಾಕ್ಟರೇ ಹೇಳಬೇಕು. ಒಂದು ದಿನ ಮಾತ್ರ ಅರ್ಧ ಉಂಡ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟಳು.

"ಕೋಡಿಬಾಗದ ದೀಪಾ ಶ್ರಾವಣದಲ್ಲೇ ಫೋನ್ ಮಾಡಿದ್ಲು. ಮೀನು ಸರಿ ಇಲ್ಲ ಹೇಳಿ. ನಾ ಪ್ರೇಕ್ಷಾಗೆ ಹೇಳಲಿಲ್ಲ." ಅವಳು ಸೊಸೆಯ ಕಡೆ ತಿರುಗಿದಳು. "ನೀ ಸೋಲಲಿ ಹೇಳಿ ಕಂಡಿತ್ತು ನನಗೆ. ನಾ ಇಲ್ದೆ ನಡೀತದೆ ಹೇಳಾದ್ರೆ ನಾ ಎಂತಕ್ಕೆ ಇದ್ದೆ ಈ ಮನೇಲಿ?"

ಹೇಳಿ ಮುಗಿಸಿ ಅತ್ತಳು. ಎಂಜಲು ಕೈ, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಪ್ರೇಕ್ಷಾ ತನ್ನ ಎಡಗೈಯಿಂದ ಅತ್ತೆಯ ಸೆರಗು ಎತ್ತಿ ಒರೆಸಿದಳು. ಪದ್ಧತಿಯಂತೆ ಯಾರೂ ಒಂದು ಮಾತು ಅನ್ನಲಿಲ್ಲ. ಎಲ್ಲರೂ ಎದ್ದು ಕೈ ತೊಳೆದರು.

ಅಲ್ಲಿಂದ ಮುಂದೆ ಮಾತು ಬೇರೆಯಾಯಿತು.

"ಆಯಿ, ಗೇಟಿನ ಹತ್ರ ನಿಂತು ನೀವು ಮೊದ್ಲು ಎಂತಾ ಕೇಳ್ತಿದ್ರಿ?"

"ಯಾವ ಮೀನು ಬೇಕು ಹೇಳಿ ನಾ ಯಾವತ್ತೂ ಕೇಳಿದ್ದಿಲ್ಲ. ಇವತ್ತು ಎಂತಾ ಮಾಡ್ತ್ರಿ, ಎಷ್ಟು ಜನ ಇದ್ರಿ, ಅಷ್ಟೇ. ಸಾರಿನ ಹುಮಣ ಹೇಳಿದ್ರೆ ಒಂದು ಮೀನು, ಒಣಾ ಸುಕ್ಕೆ ಹೇಳಿದ್ರೆ ಬೇರೆ. ಬುಟ್ಟಿಲಿ ಇದ್ದದ್ರಲ್ಲೇ ನಾ ತೆಗೆದು ಕೊಡ್ತಿದ್ದೆ."

ಪ್ರೇಕ್ಷಾ ಮೀನಿನ ಫೋಟೋಗಳ ಸಾಲನ್ನೇ ತೆಗೆದುಹಾಕಿದಳು. ಈಗ ಸಂಜೆಯ ಸಂದೇಶ ಇಷ್ಟೇ: "ನಾಳೆ ನಿಮ್ಮಲ್ಲಿ ಹುಮಣವೋ, ಫ್ರೈಯೋ, ಸುಕ್ಕೆಯೋ? ಎಷ್ಟು ಮಂದಿ?" ಯಾವ ಮೀನು ಎಂಬುದು ಬೆಳಿಗ್ಗೆ ಬೋಟು ಬಂದ ಮೇಲೆ, ಚಂಪಾ ಬುಟ್ಟಿಯ ಮುಂದೆ ಮಣೆ ಹಾಕಿ ಕೂತ ಮೇಲೆ. ಪ್ರತಿ ಮನೆಗೂ ಮೀನು ಬೇಡದ ವಾರ, ಹಬ್ಬ, ವ್ರತ ಯಾವುದೆಂದು ಕೇಳಿ ಪ್ರೇಕ್ಷಾ ಬರೆದಿಟ್ಟುಕೊಂಡಳು. ಆ ದಿನ ಆ ಮನೆಯ ಫೋನು ಸದ್ದು ಮಾಡುವುದಿಲ್ಲ. ಚೀಟಿಗಳು ಕನ್ನಡಕ್ಕೆ ತಿರುಗಿದವು. ಗೇಟಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಪಟ್ಟಿ ಏನೇ ಹೇಳಲಿ ನಂಬಬೇಕು ಎಂದು ಆಶಿಷನಿಗೆ ಹೇಳಲಾಯಿತು.

ಒಂದು ದಿನ ಬೋಟಿನ ಮೀನು ಅಷ್ಟಕ್ಕಷ್ಟೇ ಇತ್ತು. "ಇವತ್ತು ನಮ್ಮ ಮೀನು ಚೆನ್ನಾಗಿಲ್ಲ, ಮೊಟ್ಟೆ ಸಾರು ಮಾಡಿಕೊಳ್ಳಿ" ಎಂದು ಪ್ರೇಕ್ಷಾ ಬರೆದಳು.

"ಅಕ್ಕಾ, ನಿನಗೆ ತಲೆ ಸರಿ ಅದ್ಯಾ? ಅಂಗಡಿ ಹಾಕಿ ಗಿರಾಕಿಗೆ ಬರಬೇಡಿ ಹೇಳ್ತ್ಯಾ?" ಎಂದು ರೋಹಿತ ಫೋನಿನಲ್ಲಿ ಕೂಗಾಡಿದ. ಮರುದಿನ ಅವನ ಪೆಟ್ಟಿಗೆಯಲ್ಲಿ ಜಾಗ ಸಾಲಲಿಲ್ಲ. ಸಿಟ್ಟಾಗಿ ಬಿಟ್ಟುಹೋದ ಅಂಕೋಲೆಯವರು ಸಹ ತಿರುಗಿ ಬಂದರು.

ಕಲಿಯುವ ಪಾಳಿ ಚಂಪಾಳಿಗೂ ಬಂತು. ದೀಪಾ ಫೋನಿನಲ್ಲಿ ಬರೆದಳು: ನಮ್ಮ ಮನೆಗೆ ದೊಡ್ಡ ಮೀನು ಬೇಡ, ನಮ್ಮತ್ತೆಗೆ ಮೊದಲಿಂದಲೂ ಸಣ್ಣ ಮೀನೇ ಇಷ್ಟ, ಚಂಪಕ್ಕ ಅಷ್ಟು ಪ್ರೀತಿಯಿಂದ ತೆಗೆದು ಕೊಡುವಾಗ ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ. ಪ್ರೇಕ್ಷಾ ಓದಿ ಹೇಳಿದಾಗ ಚಂಪಾ ಕೆಂಡವಾದಳು. "ಇಷ್ಟು ವರ್ಷ ನಾ ಕೊಟ್ಟ ಇಸ್ವಾಣ ಎಲ್ಲಾ ನಾಯಿಗೆ ಹಾಕಿದ್ರಂತಾ?" ಸಂಜೆಯವರೆಗೂ ಯಾರ ಜೊತೆಯೂ ಮಾತಿಲ್ಲ. ಮರುದಿನ ದೀಪಾಳ ಪ್ಯಾಕೇಟಿಗೆ ಸಣ್ಣ ಲೆಪ್ಪೆ ಮೀನುಗಳನ್ನು ತಾನೇ ಆರಿಸಿ ಹಾಕಿದಳು. "ಎದುರಿಗೆ ಹೇಳೂಕೆ ಆಗದ್ದು ಫೋನಲ್ಲಿ ಹೇಳ್ತಾರೆ ಹೇಳಾಯ್ತು" ಎಂದು ಗೊಣಗಿದಳು. ಆ ಗೊಣಗಾಟದಲ್ಲಿ ಅರ್ಧ ಮೆಚ್ಚುಗೆ ಇತ್ತು.

ರೋಹಿತ ಇನ್ನೊಂದು ಸುದ್ದಿ ತಂದ. ಅಂಕೋಲೆಯಲ್ಲಿ ಬಾಡಿಗೆ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುವ ನರ್ಸುಗಳು, ಬ್ಯಾಂಕಿನವರು ಕೇಳುತ್ತಾರಂತೆ, ಒಬ್ಬರಿಗೆ ಆಗುವಷ್ಟು ಕೊಡುತ್ತೀರಾ ಎಂದು.

"ಒಬ್ಬರಿಗೆ ಎಂತಾ ಮೀನು? ಅಂಥವರಿಗೆ ನಾ ಬುಟ್ಟಿ ಇಳಿಸ್ತಾನೇ ಇರಲಿಲ್ಲ" ಎಂದಳು ಚಂಪಾ.

"ಅದಕ್ಕೇ ಆಯಿ, ಅವರು ಯಾವ ಮೀನಿನವಳಿಗೂ ಗಿರಾಕಿ ಅಲ್ಲ. ನಮ್ಮವರಾಗಲಿ."

ಚಂಪಾ ಯೋಚಿಸಿದಳು. ಸಂಜೆ ಒಂದು ಡಬ್ಬಿಯಲ್ಲಿ ಮಸಾಲೆ ಅರೆದಿಟ್ಟಳು. "ಒಬ್ಬಳೇ ಇರೂ ಹುಡುಗಿ ಎಲ್ಲಿ ಖಾರ ಅರಿತಾ ಕೂರ್ತಾಳೆ? ಹಚ್ಚಿಯೇ ಕೊಡುವ." ಒಬ್ಬರ ಪ್ಯಾಕೇಟು ಹೀಗೆ ಹುಟ್ಟಿತು. ಕೆಲವೇ ದಿನಗಳಲ್ಲಿ ಬಾಳೆಗುಳಿಗೆ ಹೋಗುವ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಅವೇ.

ಎಲ್ಲ ಸರಿಯಾಗುತ್ತ ಬಂತು, ಕಾಜುಬಾಗದ ಓಣಿ ಬಿಟ್ಟು. ಅಕ್ಕೋರ ಗಣಪತಿ ನೀರಿಗೆ ಹೋದ ಮರುದಿನ ಪ್ರೇಕ್ಷಾ ಒಬ್ಬಳೇ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಕೇಳಿಕೊಂಡಿದ್ದಳು. ಕೈಯಲ್ಲಿ ಮೀನು ಒಯ್ದಿರಲಿಲ್ಲ. ಯಾರ ತಪ್ಪು ಎಂದು ಅಕ್ಕೋರು ವಿಚಾರಿಸಿದಾಗ, "ನಮ್ಮ ಮನೆಯವರೆಲ್ಲರದ್ದೂ. ಈಗ ದಿನಾ ಕೂತು ಮಾತಾಡ್ತೇವೆ" ಎಂದಷ್ಟೇ ಹೇಳಿದ್ದಳು. ಅಕ್ಕೋರು ಬೆಲ್ಲ ನೀರು ಕೊಟ್ಟು, ನಿಮ್ಮ ಮನೆಗೆ ಮೀನು ಬೇಡದ ದಿನಗಳು ಯಾವುವು ಎಂಬ ಅವಳ ಪ್ರಶ್ನೆಯನ್ನು ಕೇಳಿಸಿಕೊಂಡು, "ನೋಡುವಾ" ಎಂದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು ಪ್ರೇಕ್ಷಾಳಿಗೆ. ಹೊರಗೆ ತಿರುವಿನಲ್ಲಿ ಗಂಗೂ ಬುಟ್ಟಿ ಇಳಿಸಿ ಕೂತಿದ್ದಳು, ಕಂಡು ಮುಗುಳ್ನಕ್ಕಳು.

ಪಿತೃಪಕ್ಷ ಬಂತು. ದಸರಾ ಹತ್ತಿರವಾಗುತ್ತಿತ್ತು. ಆ ಓಣಿ ಬರದಿದ್ದರೆ ಮನೆಗಳನ್ನು ಉಳಿಸಿಕೊಂಡೆ ಎಂದು ಹೇಳುವ ಧೈರ್ಯ ಪ್ರೇಕ್ಷಾಳಿಗಿರಲಿಲ್ಲ, ಅತ್ತೆ ಆ ಮಾತು ಎತ್ತಿರಲೂ ಇಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳ ಫೋನು ಕಿಣಿಗುಟ್ಟಿತು. ಎಡಗೈಯಲ್ಲಿ ಎತ್ತಿ ನೋಡಿದವಳ ಮುಖ ಅರಳಿತು, ಓದುತ್ತ ಬಾಡಿತು.

"ಯಾರದ್ದು?" ಎಂದ ಆಶಿಷ.

"ಅಕ್ಕೋರದ್ದು." ಅವಳು ಗಟ್ಟಿಯಾಗಿ ಓದಿದಳು. "ಪ್ರೇಕ್ಷಾ, ನಾಳೆ ನಮ್ಮಲ್ಲಿ ಮಾವನವರ ಶ್ರಾದ್ಧ. ಮೀನು ಬೇಡ."

"ನಾವು ಎಲ್ಲಿ ಕಳಿಸ್ತಿದ್ದೆವು ಅವರಿಗೆ? ಆರ್ಡರೇ ಇಲ್ಲ, ಬೇಡ ಹೇಳೂದು ಬೇರೆ" ಎಂದ ಆಶಿಷ. "ಇನ್ನೂ ಸಿಟ್ಟು ಇಳೀಲಿಲ್ಲ ಕಾಣ್ತದೆ."

ಪ್ರೇಕ್ಷಾ ಫೋನನ್ನು ಮಗುಚಿ ಇಟ್ಟಳು. ತಟ್ಟೆಯಲ್ಲಿ ಉಳಿದ ಅನ್ನ ಕಣ್ಣಿಗೆ ಮಸುಕಾಯಿತು.

ಚಂಪಾಳ ಕೈ ಮಾತ್ರ ಅರ್ಧದಲ್ಲೇ ನಿಂತಿತ್ತು. "ಇನ್ನೊಂದ್ಸಲ ಓದು."

ಪ್ರೇಕ್ಷಾ ಓದಿದಳು.

"ಹುಚ್ಚಿ, ಅಳ್ತಾ ಕೂತ್ಯಾ?" ಎಂದಳು ಚಂಪಾ. "ದಾರಿ ಮೇಲೆ ಹೋಗೂ ಮೀನಿನವಳಿಗೆ ನಾಳೆ ಬೇಡ ಹೇಳಿ ಯಾರಾದ್ರೂ ಮೊದ್ಲೇ ಹೇಳಿ ಕಳಿಸ್ತಾರಾ? ತಮ್ಮವಳಿಗೆ ಹೇಳ್ತಾರೆ. ದಿನಾ ಬರೂ ತಮ್ಮ ಮೀನಿನವಳಿಗೆ."

ದತ್ತಾ ತಲೆ ತಗ್ಗಿಸಿ ನಗುತ್ತಿದ್ದ. ಪ್ರೇಕ್ಷಾ ಫೋನು ಎತ್ತಿಕೊಂಡಳು, ಬೆರಳು ಅಕ್ಷರಗಳ ಮೇಲೆ ತಡವರಿಸಿತು.

"ಎಂತಾ ಬರೀಲಿ ಆಯಿ?"

"ನನ್ನ ಎಂತಕ್ಕೆ ಕೇಳ್ತಿ?" ಎಂದು ಚಂಪಾ ಅನ್ನಕ್ಕೆ ಸಾರು ಸುರಿದುಕೊಂಡಳು. "ನಿನ್ನ ಮನೆ. ನೀನೇ ಬರಿ."